ರೀಡಿಂಗ್‌ಗೆ ಬರುತ್ತಿದ್ದೇವೆ: ಮಗಳು ಐಜಿಸಿಎಸ್‌ಇ ಅರ್ಧಕ್ಕೆ ಬಿಟ್ಟು ಜಿಸಿಎಸ್‌ಇಗೆ ಸೇರಬೇಕಾ?

ವೈಟ್‌ಫೀಲ್ಡ್ ಅಮ್ಮ – ನವೆಂಬರ್ 11, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರನ್ನು ಆಫೀಸಿನವರು ಎರಡು ವರ್ಷಕ್ಕೆ ಇಂಗ್ಲೆಂಡಿನ ರೀಡಿಂಗ್‌ಗೆ ಕಳಿಸುತ್ತಿದ್ದಾರೆ. ಜನವರಿ ಮೊದಲ ವಾರ ಹೊರಡಬೇಕು. ಟಿಕೆಟ್, ಬಾಡಿಗೆ ಮನೆ, ಅತ್ತೆಯವರ ಔಷಧಿ ಎಲ್ಲ ಹೇಗೋ ಆಗುತ್ತದೆ. ತಲೆ ಕೆಡಿಸಿರುವುದು ಮಗಳ ಓದು.

ಅವಳು ಇಲ್ಲಿ ಕೇಂಬ್ರಿಡ್ಜ್ ಬೋರ್ಡಿನ ಐಜಿಸಿಎಸ್‌ಇ (ಹತ್ತನೇ ಕ್ಲಾಸಿನ ಮಟ್ಟದ ಇಂಟರ್‌ನ್ಯಾಷನಲ್ ಪರೀಕ್ಷೆ) ಇರುವ ಶಾಲೆಯಲ್ಲಿ 9ನೇ ಕ್ಲಾಸ್. ಜೂನ್‌ನಲ್ಲಿ ಶುರುವಾಯಿತು. 10ನೇ ಕ್ಲಾಸಿನ ಕೊನೆಗೆ, ಅಂದರೆ 2027ರ ಮಾರ್ಚ್‌ನಲ್ಲಿ ಪರೀಕ್ಷೆ. ಇಂಗ್ಲಿಷ್, ಮ್ಯಾಥ್ಸ್, ಮೂರು ಸೈನ್ಸ್, ಹಿಂದಿ, ಎಕನಾಮಿಕ್ಸ್, ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಾಳೆ. ರೀಡಿಂಗ್‌ನ ಸರ್ಕಾರಿ ಶಾಲೆಗಳಲ್ಲಿ ಐಜಿಸಿಎಸ್‌ಇ ಇಲ್ಲ, ಅದೇ ಮಟ್ಟದ ಅಲ್ಲಿನದೇ ಪರೀಕ್ಷೆ ಜಿಸಿಎಸ್‌ಇ ಮಾತ್ರ ಅಂತ ಗೊತ್ತಾಯಿತು. ಅಲ್ಲಿನ ಪ್ರೈವೇಟ್ ಶಾಲೆಗಳ ಫೀಸ್ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ನನ್ನ ಪ್ರಶ್ನೆ ಇಷ್ಟು. ಎರಡರಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ? ಸರ್ಕಾರಿ ಶಾಲೆಗೆ ಸೇರಿಸಿ, ಐಜಿಸಿಎಸ್‌ಇಯನ್ನು ಮನೆಯಲ್ಲೇ ಓದಿಸಿ ಹೊರಗಿನಿಂದ ಬರೆಸಬಹುದಾ? ವಾಪಸ್ ಬೆಂಗಳೂರಿಗೆ ಬಂದಾಗ ಜಿಸಿಎಸ್‌ಇ ಅಂದರೆ ಯಾರಾದರೂ ಕೇಳುತ್ತಾರಾ?

ನೆಂಟರೊಬ್ಬರು ‘ಇಂಟರ್‌ನ್ಯಾಷನಲ್ ಬಿಟ್ಟು ಲೋಕಲ್ ಸಿಲಬಸ್‌ಗೆ ಯಾಕೆ ಇಳಿಸುತ್ತೀರಿ’ ಅಂದರು. ಅದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಮಿಲ್ಟನ್ ಕೀನ್ಸ್ ಗೌಡ – ನವೆಂಬರ್ 11, ರಾತ್ರಿ 11:15

ಮೇಡಂ, ಇಲ್ಲಿನ ದೊಡ್ಡ ದೊಡ್ಡ ಪ್ರೈವೇಟ್ ಶಾಲೆಗಳೇ ಐಜಿಸಿಎಸ್‌ಇ ಮಾಡಿಸುತ್ತವೆ. ಯಾಕೆ ಹೇಳಿ? ಸುಲಭ, ಗ್ರೇಡ್ ಜಾಸ್ತಿ ಬರುತ್ತದೆ. ಮ್ಯಾಥ್ಸ್‌ಗೆ ಎಲ್ಲ ಪೇಪರ್‌ಗೂ ಕ್ಯಾಲ್ಕುಲೇಟರ್ ಕೊಡುತ್ತಾರೆ. ಕಣ್ಣು ಮುಚ್ಚಿಕೊಂಡು ಐಜಿಸಿಎಸ್‌ಇ ಮುಂದುವರಿಸಿ.

ಹ್ಯಾರೋ ಲೆಕ್ಕದ ಮೇಷ್ಟ್ರು – ನವೆಂಬರ್ 12, ಬೆಳಗ್ಗೆ 7:05

ಗೌಡ್ರೇ, ಕಣ್ಣು ಸ್ವಲ್ಪ ತೆರೆಯಿರಿ. ನಾನು ಹದಿನಾರು ವರ್ಷದಿಂದ ಎರಡಕ್ಕೂ ಟ್ಯೂಷನ್ ಹೇಳುತ್ತಿದ್ದೇನೆ.

‘ಸುಲಭ’ ಅನ್ನುವ ಮಾತಿಗೆ ಒಂದು ಹಳೇ ಕಥೆ ಇದೆ. ಇಲ್ಲಿ ಮೊದಲು ಓ ಲೆವೆಲ್, ಸಿಎಸ್‌ಇ ಅಂತ ಎರಡು ಪರೀಕ್ಷೆ ಇದ್ದವು. ಎರಡನ್ನೂ ಸೇರಿಸಿ ಜಿಸಿಎಸ್‌ಇ ಮಾಡಿದರು. ಮೊದಲ ಬ್ಯಾಚ್ ಬರೆದದ್ದು 1988ರಲ್ಲಿ. ಹೊರದೇಶದ ಶಾಲೆಗಳಿಗೆ ಅಂತ ಕೇಂಬ್ರಿಡ್ಜ್ ಐಜಿಸಿಎಸ್‌ಇ ತಂದದ್ದೂ ಅದೇ ಹೊತ್ತಿಗೆ. ಆಮೇಲೆ ಜಿಸಿಎಸ್‌ಇಯಲ್ಲಿ ಕೋರ್ಸ್‌ವರ್ಕ್ (ಓದುವಾಗಲೇ ಮಾಡಿಕೊಡುವ, ಅಂಕಕ್ಕೆ ಸೇರುವ ಕೆಲಸ) ಬೆಳೆಯಿತು, ಪರೀಕ್ಷೆಯನ್ನು ತುಂಡು ತುಂಡು ಮಾಡಿ ಮತ್ತೆ ಮತ್ತೆ ಬರೆಯುವ ಹಾಗಾಯಿತು. ಆಗ ಪ್ರೈವೇಟ್ ಶಾಲೆಗಳು ಐಜಿಸಿಎಸ್‌ಇ ಕಡೆ ಹೋದದ್ದು ಅದು ಕಷ್ಟ ಅಂತ! ಹಳೇ ಓ ಲೆವೆಲ್ ಥರ ಕೊನೆಯಲ್ಲಿ ಒಂದೇ ಸಲ ಪರೀಕ್ಷೆ ಅಂತ.

2010ರಲ್ಲಿ ಮೈಕಲ್ ಗೋವ್ ಶಿಕ್ಷಣ ಮಂತ್ರಿಯಾದರು. ಜಿಸಿಎಸ್‌ಇ ಬಿಗಿ ಮಾಡಿದರು. ಕೋರ್ಸ್‌ವರ್ಕ್ ಬಹುಪಾಲು ಹೋಯಿತು, ಎ ಸ್ಟಾರ್‌ನಿಂದ ಜಿ ವರೆಗಿನ ಅಕ್ಷರ ಹೋಗಿ 9ರಿಂದ 1ರ ಅಂಕಿ ಬಂತು. ಇಂಗ್ಲಿಷ್, ಮ್ಯಾಥ್ಸ್‌ಗೆ ಆ ಅಂಕಿ ಮೊದಲು ಬಂದದ್ದು 2017ರಲ್ಲಿ. ಶಾಲೆಗಳ ಫಲಿತಾಂಶ ಹೋಲಿಸುವ ಸರ್ಕಾರದ ಪಟ್ಟಿಯಲ್ಲಿ ಐಜಿಸಿಎಸ್‌ಇಯನ್ನು ಲೆಕ್ಕಕ್ಕೆ ತಗೊಳ್ಳುವುದನ್ನು ಬಿಟ್ಟರು, ಅಲ್ಲಿಗೆ ಸರ್ಕಾರಿ ಶಾಲೆಗಳು ಅದನ್ನು ಕೈಬಿಟ್ಟವು. ಪ್ರೈವೇಟ್‌ನವರು ಬಿಡಲಿಲ್ಲ. ಈಗ ಜನ ತಿರುಗಿಸಿ ‘ಪ್ರೈವೇಟ್‌ನವರು ಸುಲಭದ ಪರೀಕ್ಷೆ ಬರೆಸುತ್ತಾರೆ’ ಅನ್ನುತ್ತಾರೆ. ಅದೇ ಪರೀಕ್ಷೆ, ಹತ್ತೇ ವರ್ಷದಲ್ಲಿ ಕಷ್ಟದ್ದು ಹೋಗಿ ಸುಲಭದ್ದಾಯಿತು.

ಕ್ಯಾಲ್ಕುಲೇಟರ್ ವಿಷಯ. ಐಜಿಸಿಎಸ್‌ಇ ನಡೆಸುವ ಇನ್ನೊಂದು ಬೋರ್ಡ್ ಎಡೆಕ್ಸೆಲ್. ಅದರ ಮ್ಯಾಥ್ಸ್ ಎ ಎರಡು ಪೇಪರ್, ಎರಡಕ್ಕೂ ಕ್ಯಾಲ್ಕುಲೇಟರ್ ಉಂಟು. ಅಷ್ಟು ನಿಜ. ಆದರೆ ಈ ಮೇಡಂ ಮಗಳದ್ದು ಕೇಂಬ್ರಿಡ್ಜ್. ಅದರಲ್ಲಿ 2025ರಿಂದ ಒಂದು ಪೇಪರ್ ಕ್ಯಾಲ್ಕುಲೇಟರ್ ಇಲ್ಲದೇ ಬರೆಯಬೇಕು. ಜಿಸಿಎಸ್‌ಇಯಲ್ಲಿ ಒಂದೂವರೆ ಗಂಟೆಯ ಮೂರು ಪೇಪರ್, ಅದರಲ್ಲಿ ಒಂದಕ್ಕೆ ಕ್ಯಾಲ್ಕುಲೇಟರ್ ಇಲ್ಲ.

ಮೊನ್ನೆ ಎಡೆಕ್ಸೆಲ್ ಐಜಿಸಿಎಸ್‌ಇ ಹುಡುಗನಿಗೆ 0.0048 ಅನ್ನು 0.16ರಿಂದ ಭಾಗಿಸು ಅಂದೆ. ಪೆನ್ಸಿಲ್ ಬಾಯಿಗೆ ಹೋಯಿತು, ಕೈ ಕ್ಯಾಲ್ಕುಲೇಟರ್ ಹುಡುಕಿತು. 0.03 ಬರುವ ಹೊತ್ತಿಗೆ ನನ್ನ ಕಾಫಿ ಆರಿತ್ತು. ಅದೇ ಹುಡುಗ ವಕ್ರರೇಖೆಗೆ ಡಿಫರೆನ್ಷಿಯೇಷನ್ ಮಾಡಿ ಅದು ತಿರುಗುವ ಬಿಂದುಗಳನ್ನು ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಾನೆ. ಜಿಸಿಎಸ್‌ಇ ಮ್ಯಾಥ್ಸ್‌ನಲ್ಲಿ ಡಿಫರೆನ್ಷಿಯೇಷನ್ ಇಲ್ಲವೇ ಇಲ್ಲ. ಈಗ ಯಾವುದು ಸುಲಭ, ನೀವೇ ಹೇಳಿ.

ಮಿಲ್ಟನ್ ಕೀನ್ಸ್ ಗೌಡ – ನವೆಂಬರ್ 12, ಬೆಳಗ್ಗೆ 8:20

ಮೇಷ್ಟ್ರೇ, ಒಪ್ಪಿದೆ. ನನ್ನ ಮಗನದ್ದು ಎಡೆಕ್ಸೆಲ್ ಇತ್ತು, ಎಲ್ಲ ಹಾಗೇ ಅಂದುಕೊಂಡಿದ್ದೆ.

ಕಾವೆಂಟ್ರಿ ಕಾವೇರಿ – ನವೆಂಬರ್ 12, ಬೆಳಗ್ಗೆ 8:31

ನಾನು ಒಂದು ಸರ್ಕಾರಿ ಸೆಕೆಂಡರಿ ಶಾಲೆಯ ಪರೀಕ್ಷಾ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬೆಲೆ ಯಾವುದಕ್ಕೆ ಜಾಸ್ತಿ ಅನ್ನುವ ಚರ್ಚೆ ಆಮೇಲೆ ಮಾಡೋಣ. ಅಕ್ಕ, ಮೊದಲು ಮಗಳ ಹುಟ್ಟಿದ ತಾರೀಖು ಹೇಳಿ. ವರ್ಷ ಮಾತ್ರ ಅಲ್ಲ, ತಿಂಗಳು, ದಿನ ಬೇಕು.

ವೈಟ್‌ಫೀಲ್ಡ್ ಅಮ್ಮ – ನವೆಂಬರ್ 12, ಮಧ್ಯಾಹ್ನ 1:10

2011, ಸೆಪ್ಟೆಂಬರ್ 4. ಯಾಕೆ? ಅವಳು ಇಯರ್ 10 ತಾನೇ?

ಕಾವೆಂಟ್ರಿ ಕಾವೇರಿ – ನವೆಂಬರ್ 12, ಸಂಜೆ 6:45

ಅಲ್ಲ ಅಕ್ಕ. ಇಯರ್ 9.

ಇಲ್ಲಿ ಗೆರೆ ಎಳೆಯುವುದು ಆಗಸ್ಟ್ 31ಕ್ಕೆ. ಆ ದಿನಕ್ಕೆ ಎಷ್ಟು ವಯಸ್ಸು ಅನ್ನುವುದರ ಮೇಲೆ ಇಯರ್ ನಿರ್ಧಾರ. ಅಲ್ಲಿ ಯಾವ ಕ್ಲಾಸ್ ಓದುತ್ತಿದ್ದಳು ಅಂತ ಯಾರೂ ಕೇಳುವುದಿಲ್ಲ. ಈ ವರ್ಷ ಆಗಸ್ಟ್ 31ಕ್ಕೆ ಅವಳಿಗೆ 13. ಹಾಗಾಗಿ ಇಯರ್ 9. ನಾಲ್ಕು ದಿನ ಮುಂಚೆ ಹುಟ್ಟಿದ್ದರೆ ಇಯರ್ 10ಕ್ಕೆ ಹೋಗುತ್ತಿದ್ದಳು.

ಇದು ಒಳ್ಳೇ ಸುದ್ದಿ. ಜಿಸಿಎಸ್‌ಇ ಅಂದರೆ ಇಯರ್ 10 ಮತ್ತು 11. ಜನವರಿಯಲ್ಲಿ ಬಂದರೆ ಎರಡು ಟರ್ಮ್ ಊರಿಗೆ, ಶಾಲೆಗೆ ಹೊಂದಿಕೊಳ್ಳಲು ಸಿಗುತ್ತದೆ. ಸೆಪ್ಟೆಂಬರ್‌ನಿಂದ ಎಲ್ಲರ ಜೊತೆ ಮೊದಲ ಪಾಠದಿಂದ ಶುರು. ಅರ್ಧಕ್ಕೆ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಇಯರ್ 10ರ ಮಧ್ಯದಲ್ಲಿ ಬರುವ ಮಕ್ಕಳನ್ನು ನಾನು ನೋಡಿದ್ದೇನೆ. ಸೈನ್ಸ್, ಮ್ಯಾಥ್ಸ್ ನಮ್ಮ ಮಕ್ಕಳು ಹೇಗೋ ಹಿಡಿಯುತ್ತಾರೆ. ಇಂಗ್ಲಿಷ್ ಲಿಟರೇಚರ್‌ನಲ್ಲಿ ಒದ್ದಾಡುತ್ತಾರೆ. ಶೇಕ್ಸ್‌ಪಿಯರ್ ನಾಟಕ ಒಂದು, 19ನೇ ಶತಮಾನದ ಕಾದಂಬರಿ ಒಂದು, ಇತ್ತೀಚಿನದೊಂದು, ಮೇಲೆ ಒಂದು ಕಟ್ಟು ಪದ್ಯ. ಪುಸ್ತಕ ಒಳಗೆ ಬಿಡುವುದಿಲ್ಲ, ಸಾಲುಗಳು ಬಾಯಿಗೆ ಬರಬೇಕು. ಅಷ್ಟರಲ್ಲಿ ಕ್ಲಾಸಿನಲ್ಲಿ ಎರಡು ಪುಸ್ತಕ ಮುಗಿದಿರುತ್ತದೆ.

ಈಗ ಕೆಟ್ಟ ಸುದ್ದಿ. ಇಯರ್ 9ಕ್ಕೆ ಸೇರಿದರೆ ಜಿಸಿಎಸ್‌ಇ ಪರೀಕ್ಷೆ 2028ರ ಮೇ–ಜೂನ್‌ಗೆ. ನಿಮ್ಮ ಎರಡು ವರ್ಷ ಮುಗಿಯುವುದು 2028ರ ಜನವರಿಗೆ. ಲೆಕ್ಕ ಹಾಕಿ. ಪರೀಕ್ಷೆಗೆ ನಾಲ್ಕು ತಿಂಗಳು ಇರುವಾಗ ನೀವು ಪೆಟ್ಟಿಗೆ ಕಟ್ಟುತ್ತಿರುತ್ತೀರಿ. ಆಗ ಅವಳ ಬೆಂಗಳೂರಿನ ಗೆಳತಿಯರು 10 ಮುಗಿಸಿ 11ರ ಮಧ್ಯದಲ್ಲಿರುತ್ತಾರೆ. ಇವಳ ಕೈಯಲ್ಲಿ ಎರಡೂ ಸರ್ಟಿಫಿಕೇಟ್ ಇರುವುದಿಲ್ಲ.

ಅದಕ್ಕೇ ಹೇಳುವುದು. ಯಾವ ಪರೀಕ್ಷೆ ದೊಡ್ಡದು ಅಂತ ಕೇಳಬೇಡಿ. ಪರೀಕ್ಷೆಯ ತಿಂಗಳಲ್ಲಿ ಹುಡುಗಿ ಯಾವ ಊರಲ್ಲಿ ಇರುತ್ತಾಳೆ ಅಂತ ಕೇಳಿ. ಇಲ್ಲಿನ ಕಾಲೇಜುಗಳಿಗೆ, ವಿಶ್ವವಿದ್ಯಾಲಯಗಳಿಗೆ 7 ಅಂದರೆ 7, ಹಳೇ ಎ. 4 ಅಂದರೆ ಹಳೇ ಸಿ. ಮುಂದೆ ಐ ಇದೆಯಾ ಇಲ್ಲವಾ ಅಂತ ಯಾರೂ ನೋಡುವುದಿಲ್ಲ. ಒಂದೇ ಎಚ್ಚರಿಕೆ: ಐಜಿಸಿಎಸ್‌ಇಯಲ್ಲಿ ಇಂಗ್ಲಿಷ್ ‘ಫಸ್ಟ್ ಲ್ಯಾಂಗ್ವೇಜ್’ ಇರಲಿ. ‘ಸೆಕೆಂಡ್ ಲ್ಯಾಂಗ್ವೇಜ್’ ಪೇಪರ್ ಅನ್ನು ಎಲ್ಲರೂ ಸಮ ಅಂತ ಒಪ್ಪುವುದಿಲ್ಲ.

ಎಡಿನ್‌ಬರೋ ಇಡ್ಲಿ – ನವೆಂಬರ್ 12, ರಾತ್ರಿ 9:02

ಒಂದು ಸಣ್ಣ ತಕರಾರು. ‘ಬ್ರಿಟನ್ನಿನಲ್ಲಿ ಜಿಸಿಎಸ್‌ಇ’ ಅಂತ ಎಲ್ಲರೂ ಹೇಳುತ್ತಾರೆ. ಸ್ಕಾಟ್‌ಲೆಂಡಿನ ಸರ್ಕಾರಿ ಶಾಲೆಯಲ್ಲಿ ಅದಿಲ್ಲ. ನಮ್ಮದು ನ್ಯಾಷನಲ್ 5, ಆಮೇಲೆ ಹೈಯರ್. ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಜಿಸಿಎಸ್‌ಇ ಇದೆ, ಆದರೆ ಅಕ್ಷರದ ಗ್ರೇಡೇ ಉಳಿದಿದೆ. ನನ್ನ ತಂಗಿ ಹೈದರಾಬಾದಿನಿಂದ ಬರುವಾಗ ಮಕ್ಕಳಿಗೆ ಜಿಸಿಎಸ್‌ಇ ಪುಸ್ತಕ ಸೂಟ್‌ಕೇಸ್ ತುಂಬ ತಂದಳು. ಹನ್ನೊಂದು ಕೆಜಿ. ಅವಲಕ್ಕಿ, ಹುಳಿಪುಡಿ ಬಿಟ್ಟು!

ಲೆಸ್ಟರ್ ಅಮ್ಮ – ನವೆಂಬರ್ 12, ರಾತ್ರಿ 11:30

ನಿಮ್ಮ ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಯಾಕೆಂದರೆ ಅದನ್ನು ಮಾಡಿದವಳು ನಾನು. ಮಗನನ್ನು ಇಯರ್ 8ರಲ್ಲಿ ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದೆ. ಹೊರಗಿನ ಅಭ್ಯರ್ಥಿಯಾಗಿ ಎಡೆಕ್ಸೆಲ್ ಐಜಿಸಿಎಸ್‌ಇ ಬರೆದ.

ಮನೆಯಲ್ಲಿ ಓದುವವರು ಇಲ್ಲಿ ಐಜಿಸಿಎಸ್‌ಇ ಹಿಡಿಯುವುದು ಅದು ದೊಡ್ಡದು ಅಂತ ಅಲ್ಲ. ಎಲ್ಲವೂ ಪೇಪರ್ ಮೇಲೆ ಮುಗಿಯುತ್ತದೆ ಅಂತ. ಜಿಸಿಎಸ್‌ಇ ಇಂಗ್ಲಿಷ್‌ನಲ್ಲಿ ಮಾತಾಡುವ ಪರೀಕ್ಷೆ ಒಂದಿದೆ. ಅದರ ಅಂಕ ಗ್ರೇಡಿಗೆ ಸೇರುವುದಿಲ್ಲ, ಆದರೂ ಯಾರಾದರೂ ಕೂತು ಕೇಳಿ ರೆಕಾರ್ಡ್ ಮಾಡಬೇಕು. ಸೈನ್ಸ್‌ಗೆ ಮಕ್ಕಳಿಂದ ಪ್ರಾಕ್ಟಿಕಲ್ ಮಾಡಿಸಿದ್ದೇವೆ ಅಂತ ಶಾಲೆ ಬರೆದುಕೊಡಬೇಕು. ಜಾಗ್ರಫಿಗೆ ಹೊರಗೆ ಹೋಗಿ ಅಳೆದು ಬರಬೇಕು. ನಮ್ಮಂಥವರಿಗೆ ಇದನ್ನೆಲ್ಲ ಮಾಡಿಸುವವರು ಯಾರು? ಎಡೆಕ್ಸೆಲ್ ಐಜಿಸಿಎಸ್‌ಇ ಫಿಸಿಕ್ಸ್ ಎರಡೇ ಪೇಪರ್. ಪ್ರಯೋಗದ ಪ್ರಶ್ನೆಗಳೂ ಅದರೊಳಗೇ. ಕೇಂಬ್ರಿಡ್ಜ್‌ನಲ್ಲಿ ಪ್ರಾಕ್ಟಿಕಲ್ ಬದಲಿಗೆ ಬರೆಯುವ ಪೇಪರ್ 6 ಇದೆ, ಆಯ್ಕೆ ಮಾಡುವಾಗ ಅದನ್ನೇ ಕೇಳಬೇಕು.

ಆದರೆ ಕಷ್ಟ ಇರುವುದು ಪರೀಕ್ಷಾ ಕೇಂದ್ರದಲ್ಲಿ. ಹೊರಗಿನವರನ್ನು ಎಲ್ಲ ಶಾಲೆಯೂ ಕೂರಿಸಿಕೊಳ್ಳುವುದಿಲ್ಲ. ನಮಗೆ ಸಿಕ್ಕಿದ್ದು ಮನೆಯಿಂದ ಒಂದು ಗಂಟೆಯ ದಾರಿ. ದುಡ್ಡು ಒಂದೊಂದು ವಿಷಯಕ್ಕೂ ಬೇರೆ ಬೇರೆ, ಸರ್ಕಾರ ಒಂದು ಪೆನಿ ಕೊಡುವುದಿಲ್ಲ. ಫೆಬ್ರವರಿ 21ರೊಳಗೆ ಹೆಸರು ಹೋಗಬೇಕು, ತಡವಾದರೆ ಮೇಲೆ ದಂಡ.

ನಮಗೆ ಏನಾಯಿತು ಕೇಳಿ. ಏಪ್ರಿಲ್‌ನಲ್ಲಿ ಕೇಂದ್ರದವರು ಮಗ ಬರೆಯುವ ಪೇಪರ್‌ಗಳ ಪಟ್ಟಿ ಕಳಿಸಿದರು. ಹೆಸರು ಸರಿ, ತಾರೀಖು ಸರಿ. ಅಂಚೆ ಲಕೋಟೆ ಡ್ರಾಯರ್‌ಗೆ ಹಾಕಿದೆ. ರಾತ್ರಿ ಮಗನೇ ತೆಗೆದು ನೋಡಿ ‘ಅಮ್ಮ, ಮ್ಯಾಥ್ಸ್‌ಗೆ 1ಎಫ್ ಅಂತಿದೆ’ ಅಂದ. ಎಫ್ ಅಂದರೆ ಫೌಂಡೇಷನ್. ಅದರಲ್ಲಿ ಎಷ್ಟೇ ಚೆನ್ನಾಗಿ ಬರೆದರೂ 5ರ ಮೇಲೆ ಹೋಗುವುದಿಲ್ಲ. ನಾವು ಕೇಳಿದ್ದು 1ಎಚ್, ಹೈಯರ್. ಇ–ಮೇಲ್ ತೋರಿಸಿದೆ, ತಪ್ಪು ಅವರದೇ ಅಂತ ಒಪ್ಪಿದರು. ಬದಲಾಯಿಸುವ ದುಡ್ಡು ಮಾತ್ರ ನನ್ನಿಂದಲೇ ತಗೊಂಡರು. ಜಗಳ ಆಡುವ ಹೊತ್ತಾಗಿರಲಿಲ್ಲ, ಪರೀಕ್ಷೆಗೆ ಐದು ವಾರ ಇತ್ತು. ಆ ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಇನ್ನೊಂದು. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾದಾಗ ಶಾಲೆಯ ಮಕ್ಕಳಿಗೆ ಟೀಚರ್‌ಗಳು ಗ್ರೇಡ್ ಕೊಟ್ಟರು. ಹೊರಗಿನಿಂದ ಬರೆಯುವ ಎಷ್ಟೋ ಮಕ್ಕಳಿಗೆ ಗ್ರೇಡೇ ಸಿಗಲಿಲ್ಲ. ಅವರನ್ನು ನೋಡಿದ ಟೀಚರ್ ಯಾರೂ ಇರಲಿಲ್ಲವಲ್ಲ.

ಮಗಳು ಹಗಲು ಜಿಸಿಎಸ್‌ಇ ಶಾಲೆ, ರಾತ್ರಿ ಐಜಿಸಿಎಸ್‌ಇ ಅಂತ ಎರಡು ದೋಣಿಯಲ್ಲಿ ಕಾಲಿಡುವುದು ಬೇಡ. ಹೊಸ ಊರು, ಹೊಸ ಚಳಿ, ಗೆಳತಿಯರಿಲ್ಲ. ಮೇಲೆ ಇದು ಬೇರೆ.

ಕಾವೆಂಟ್ರಿ ಕಾವೇರಿ – ನವೆಂಬರ್ 13, ಬೆಳಗ್ಗೆ 8:10

ಲೆಸ್ಟರ್ ಅಕ್ಕ, ನಿಮ್ಮ ಮಗನಿಗೆ ನಮ್ಮ ಆಫೀಸಿನಲ್ಲಿ ಕೆಲಸ ಕೊಡಬೇಕು. ಆ ಒಂದಕ್ಷರ ನೋಡದೇ ಸಹಿ ಹಾಕುವ ಅಪ್ಪ–ಅಮ್ಮಂದಿರು ಪ್ರತಿ ವರ್ಷ ಸಿಗುತ್ತಾರೆ.

ಇನ್ನೊಂದು ಸೇರಿಸಿ. ಹೊರಗಿನಿಂದ ಬರೆಸುವವರು ಬೋರ್ಡ್ ಯಾವುದು ನೋಡಿಕೊಳ್ಳಿ. ಕೇಂಬ್ರಿಡ್ಜ್, ಎಡೆಕ್ಸೆಲ್ ಎರಡಕ್ಕೂ ಇಲ್ಲಿ ಕೇಂದ್ರ ಹುಡುಕಬಹುದು. ಆಕ್ಸ್‌ಫರ್ಡ್‌ಎಕ್ಯೂಎ ಅಂತ ಒಂದಿದೆ, ಅದು ಹೊರದೇಶದ ಶಾಲೆಗಳಿಗೆ ಮಾತ್ರ. ಅದನ್ನು ಅರ್ಧ ಓದಿ ಇಲ್ಲಿಗೆ ಬಂದರೆ ಕೂರಲು ಜಾಗವಿಲ್ಲ.

ವೈಟ್‌ಫೀಲ್ಡ್ ಅಮ್ಮ – ನವೆಂಬರ್ 13, ರಾತ್ರಿ 10:20

ಎಲ್ಲ ಓದಿದೆ. ಎರಡೆರಡು ಸಲ ಓದಿದೆ. ನಾವು ಗೋಡೆ ಕ್ಯಾಲೆಂಡರ್ ಇಳಿಸಿ ಊಟದ ಟೇಬಲ್ ಮೇಲೆ ಹಾಕಿ ಎಣಿಸಿದೆವು. ಕಾವೇರಿಯವರು ಹೇಳಿದ್ದು ಸರಿ. ಜನವರಿ 2028.

ಮಗಳಿಗೆ ಇಯರ್ 9 ಅಂತ ಹೇಳಿದ ಕೂಡಲೇ ‘ನನ್ನನ್ನು ಒಂದು ವರ್ಷ ಫೇಲ್ ಮಾಡುತ್ತೀರಾ’ ಅಂತ ಬಾಗಿಲು ಹಾಕಿಕೊಂಡಳು. ಅತ್ತೆಯವರು ಇವಳನ್ನು ತುಮಕೂರಿನಲ್ಲಿ ತಮ್ಮ ಜೊತೆ ಬಿಟ್ಟುಹೋಗಿ, ಹಾಸ್ಟೆಲ್ ಶಾಲೆಗೆ ಹಾಕಿ 2027ರ ಮಾರ್ಚ್ ಪರೀಕ್ಷೆ ಮುಗಿಸಲಿ ಅನ್ನುತ್ತಿದ್ದಾರೆ. ಇಯರ್ 10ಕ್ಕೇ ಹಾಕಿ ಅಂತ ಶಾಲೆಯನ್ನು ಕೇಳಿಕೊಳ್ಳಬಹುದಾ? ಆಗ 2027ರ ಬೇಸಿಗೆಗೆ ಎಲ್ಲ ಮುಗಿಯುತ್ತದೆ ಅಲ್ವಾ?

ಕಾವೆಂಟ್ರಿ ಕಾವೇರಿ – ನವೆಂಬರ್ 13, ರಾತ್ರಿ 11:00

ಕೇಳಬಹುದು, ಕೊಡಲೇಬೇಕು ಅಂತಿಲ್ಲ. ವಯಸ್ಸಿನ ಗುಂಪು ಬಿಟ್ಟು ಮೇಲೆ ಹಾಕುವುದು ಅಪರೂಪ. ಕೊಟ್ಟರೂ ಒಂದು ಟರ್ಮ್ ಪಾಠ ಹೋಗಿರುತ್ತದೆ, ವಿಷಯಗಳ ಆಯ್ಕೆ ಮುಗಿದಿರುತ್ತದೆ, ಎಲ್ಲಿ ಸೀಟು ಖಾಲಿ ಇದೆಯೋ ಆ ವಿಷಯ ತಗೊಳ್ಳಬೇಕು. ನಾನಾಗಿದ್ದರೆ ಶಾಲೆಯನ್ನು ಬಿಟ್ಟು ಯಜಮಾನರ ಎಚ್ಆರ್ ಅವರನ್ನು ಕೇಳುತ್ತಿದ್ದೆ. ಆರು ತಿಂಗಳು ಜಾಸ್ತಿ ಕೊಡಿ ಅಂತ. ಕಂಪನಿಗಳಿಗೆ ಇದು ಹೊಸದಲ್ಲ. ಬಾಯಿಮಾತು ಬೇಡ, ಬರೆದುಕೊಡಲಿ.

ಮಗಳಿಗೆ ಹೇಳಿ: ಕ್ಲಾಸಿನಲ್ಲಿ ಅವಳೇ ಎಲ್ಲರಿಗಿಂತ ದೊಡ್ಡವರ ಸಾಲಿನಲ್ಲಿರುತ್ತಾಳೆ. ಸೆಪ್ಟೆಂಬರ್ ಮಕ್ಕಳಿಗೆ ಇಲ್ಲಿ ಅದೇ ಒಂದು ಬಲ.

ದುಬೈ ದಾವಣಗೆರೆ – ನವೆಂಬರ್ 14, ಬೆಳಗ್ಗೆ 6:15

ಊರು ಬದಲಾದರೆ ಪರೀಕ್ಷೆ ಜೊತೆಗೆ ಬರುತ್ತದೆ ಅಂತ ನಂಬಿ ಕೆಟ್ಟವನು ನಾನು. ನಮ್ಮದು ಎ ಲೆವೆಲ್ ಕಥೆ, ಅಂದರೆ ಜಿಸಿಎಸ್‌ಇ ಆದ ಮೇಲಿನ ಎರಡು ವರ್ಷದ ಓದು. ಯಾರಿಗಾದರೂ ಉಪಯೋಗ ಆಗಲಿ.

ಮಗ ದುಬೈನಲ್ಲಿ ಎಡೆಕ್ಸೆಲ್ ಇಂಟರ್‌ನ್ಯಾಷನಲ್ ಎ ಲೆವೆಲ್ ಓದುತ್ತಿದ್ದ. ಅದು ಯೂನಿಟ್ ಲೆಕ್ಕ. ಮ್ಯಾಥ್ಸ್‌ಗೆ ಆರು, ಫಿಸಿಕ್ಸ್‌ಗೆ ಆರು, ಕೆಮಿಸ್ಟ್ರಿಗೆ ಆರು. ಮೂರು ಮುಗಿದರೆ ಎಎಸ್, ಅದು ಪೂರ್ತಿ ಎ ಲೆವೆಲ್‌ನ ಅರ್ಧ. ಜನವರಿ, ಜೂನ್, ಅಕ್ಟೋಬರ್ ಅಂತ ವರ್ಷಕ್ಕೆ ಮೂರು ಸಲ ಪರೀಕ್ಷೆ. ಒಂದು ಯೂನಿಟ್ ಕೆಟ್ಟರೆ ಅದೊಂದನ್ನೇ ಮತ್ತೆ ಬರೆಯಬಹುದು. ಒಂಬತ್ತು ಯೂನಿಟ್ ಚೆನ್ನಾಗಿ ಮುಗಿಸಿದ್ದ. ಅಷ್ಟರಲ್ಲಿ ನನಗೆ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಸಿಕ್ಕಿತು. ಇನ್ನೊಂದೇ ವರ್ಷ, ಅಲ್ಲೇ ಮುಗಿಸುತ್ತಾನೆ ಅಂತ ಕರೆದುಕೊಂಡು ಬಂದೆ.

ಇಂಗ್ಲೆಂಡಿನ ಎ ಲೆವೆಲ್ 2015ರ ಬದಲಾವಣೆಯ ನಂತರ ಎರಡು ವರ್ಷದ ಕೊನೆಗೆ ಒಂದೇ ಸಲ ಪರೀಕ್ಷೆ. ಇಲ್ಲಿನ ಎಎಸ್ ಬೇರೆಯೇ ಸರ್ಟಿಫಿಕೇಟ್, ಎ ಲೆವೆಲ್‌ಗೆ ಸೇರುವುದಿಲ್ಲ. ಇಲ್ಲಿನ ಎಎಸ್ಸೇ ಸೇರುವುದಿಲ್ಲ ಅಂದ ಮೇಲೆ ನಮ್ಮದು ಎಲ್ಲಿಂದ ಸೇರಬೇಕು? ಕಾಲೇಜಿನವರು ಒಂಬತ್ತು ಯೂನಿಟ್‌ಗಳ ಹಾಳೆ ನೋಡಿ ‘ಚೆನ್ನಾಗಿ ಮಾಡಿದ್ದಾನೆ’ ಅಂದು ಇಯರ್ 12ಕ್ಕೆ ಕೂರಿಸಿದರು. ಬರುವ ಮುಂಚೆ ಫೋನ್‌ನಲ್ಲಿ ಕೇಳಿದಾಗ ‘ಪರವಾಗಿಲ್ಲ, ಬನ್ನಿ ನೋಡೋಣ’ ಅಂದಿದ್ದರು. ಆ ‘ನೋಡೋಣ’ಕ್ಕೆ ಒಂದು ವರ್ಷ ಹೋಯಿತು.

ಸೈನ್ಸ್‌ನಲ್ಲೂ ವ್ಯತ್ಯಾಸ. ಇಂಟರ್‌ನ್ಯಾಷನಲ್‌ನಲ್ಲಿ ಪ್ರಾಕ್ಟಿಕಲ್ ಅಂದರೆ ಬರೆಯುವ ಪೇಪರ್. ಇಲ್ಲಿ ಕಡಿಮೆ ಅಂದರೆ ಹನ್ನೆರಡು ಪ್ರಯೋಗ ನಿಜವಾಗಿ ಮಾಡಿ, ಟೀಚರ್ ನೋಡಿ ಪಾಸ್ ಅಂತ ಬರೆಯಬೇಕು. ಗ್ರೇಡ್ ಬೇರೆ, ಈ ಪಾಸ್ ಬೇರೆ. ಇಲ್ಲಿನ ಎ ಲೆವೆಲ್ ಮಾಡಿದವರಿಂದ ಕೆಲವು ವಿಶ್ವವಿದ್ಯಾಲಯಗಳು ಎರಡನ್ನೂ ಕೇಳುತ್ತವೆ.

ಮುಗಿಸಿದವರಿಗೆ ಬೆಲೆ ಒಂದೇ. ಎ ಸ್ಟಾರ್‌ಗೆ ಯುಕಾಸ್ (ಇಲ್ಲಿನ ವಿಶ್ವವಿದ್ಯಾಲಯಗಳ ಅರ್ಜಿ ನೋಡಿಕೊಳ್ಳುವ ಸಂಸ್ಥೆ) ಲೆಕ್ಕದಲ್ಲಿ 56 ಪಾಯಿಂಟ್, ಎ ಅಂದರೆ 48, ಎರಡಕ್ಕೂ. ಆದರೆ ಮುಗಿಸಬೇಕು. ಅರ್ಧಕ್ಕೆ ಅರ್ಧ ಸೇರಿಸಿದರೆ ಇಲ್ಲಿ ಒಂದಾಗುವುದಿಲ್ಲ.

ಮೈಸೂರಿನ ಅತ್ತೆ – ನವೆಂಬರ್ 14, ಮಧ್ಯಾಹ್ನ 12:40

ವಾಪಸ್ ಬರುವವರ ಬಗ್ಗೆ ನಾನು ಹೇಳುತ್ತೇನೆ, ಅಣ್ಣನ ಮಗ ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಮುಗಿಸಿ ಇಲ್ಲಿ ಪಿಯುಗೆ ಸೇರಿದ. ಜಿಸಿಎಸ್‌ಇ ಅಂದ ಕೂಡಲೇ ಕೌಂಟರಿನವರು ‘ಐಜಿಸಿಎಸ್‌ಇ ತಾನೇ?’ ಅಂತ ಕೇಳಿದರು. ಬೆಂಗಳೂರು, ಮೈಸೂರಿನಲ್ಲಿ ಐಜಿಸಿಎಸ್‌ಇ ಶಾಲೆಗಳು ಜಾಸ್ತಿ, ಅದಕ್ಕೇ ಆ ಹೆಸರು ಬಾಯಿಗೆ ಬರುತ್ತದೆ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಸಂಘ, ಎಐಯು ಅನ್ನುತ್ತಾರೆ, ಅದು ಎರಡನ್ನೂ ಪರಿಗಣಿಸುತ್ತದೆ. ಐದು ವಿಷಯಕ್ಕೆ ಕಡಿಮೆ ಇರಬಾರದು, ಒಳ್ಳೇ ಗ್ರೇಡ್ ಇರಬೇಕು. ಓಡಾಟ ಇದೆ, ಅಸಾಧ್ಯ ಅಲ್ಲ. ಮೂಲ ಸರ್ಟಿಫಿಕೇಟ್ ಕೈಯಲ್ಲಿರಲಿ, ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬರಬೇಡಿ.

ಮೆಡಿಕಲ್ ಮನಸ್ಸಿದ್ದರೆ ಇದನ್ನು ಕೇಳಿ. ಇಂಗ್ಲೆಂಡಿನಲ್ಲಿ ಡಾಕ್ಟರ್ ಆಗಲು ಹೊರಟ ಮಕ್ಕಳು ಎ ಲೆವೆಲ್‌ನಲ್ಲಿ ಕೆಮಿಸ್ಟ್ರಿ, ಬಯಾಲಜಿ ಇಟ್ಟುಕೊಂಡು ಫಿಸಿಕ್ಸ್ ಬಿಡುವುದುಂಟು. ನೀಟ್‌ಗೆ ಅದು ನಡೆಯುವುದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು, ಜೊತೆಗೆ ಇಂಗ್ಲಿಷ್ ಕೂಡ ಓದಿರಬೇಕು. ‘ಎ ಲೆವೆಲ್ ಮೂರೇ ವಿಷಯ, ಆರಾಮ’ ಅಂತ ಕೂತವರು ಆಮೇಲೆ ಪರದಾಡುತ್ತಾರೆ.

ಹ್ಯಾರೋ ಲೆಕ್ಕದ ಮೇಷ್ಟ್ರು – ನವೆಂಬರ್ 14, ಸಂಜೆ 7:30

ಮೇಡಂ, ಹಿಂದಿ ಬಗ್ಗೆ ಯಾರೂ ಹೇಳಲಿಲ್ಲ. ಕೇಂಬ್ರಿಡ್ಜ್ ಐಜಿಸಿಎಸ್‌ಇಯಲ್ಲಿ ಹಿಂದಿ ಇದೆ, ಇಂಗ್ಲೆಂಡಿನ ಜಿಸಿಎಸ್‌ಇಯಲ್ಲಿ ಇಲ್ಲ. ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ. ವಲಸೆ ಬಂದ ಜನರ ಲೆಕ್ಕದಲ್ಲಿ ಬೆಳೆದ ಪಟ್ಟಿ ಅದು. ಕನ್ನಡ ಎರಡರಲ್ಲೂ ಇಲ್ಲ. ಶನಿವಾರದ ಕನ್ನಡ ಕ್ಲಾಸಿನಲ್ಲಿ ನಾನೂ ಪಾಠ ಹೇಳುತ್ತೇನೆ, ಪ್ರತಿ ವರ್ಷ ಒಬ್ಬ ಅಪ್ಪ ಬಂದು ಇದನ್ನೇ ಕೇಳುತ್ತಾರೆ. ಅಲ್ಲಿ ಕಲಿತರೆ ಸಿಗುವುದು ಅಜ್ಜಿ ಜೊತೆ ಮಾತು, ಗ್ರೇಡ್ ಅಲ್ಲ.

ವೈಟ್‌ಫೀಲ್ಡ್ ಅಮ್ಮ – ಮಾರ್ಚ್ 3, ರಾತ್ರಿ 9:50

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡಿ. ಹೆಸರು ಬದಲಾಯಿಸಲು ಬರುತ್ತಿಲ್ಲ, ಈಗ ನಾನು ರೀಡಿಂಗ್ ಅಮ್ಮ.

ಎಚ್ಆರ್ ಅವರು ಮೊದಲು ‘ಬರುವ ವರ್ಷ ನೋಡೋಣ’ ಅಂದರು. ದುಬೈ ಅಣ್ಣನ ‘ನೋಡೋಣ’ ನೆನಪಾಯಿತು. ನಮ್ಮ ಯಜಮಾನರು ಪಟ್ಟು ಹಿಡಿದರು. ಹೊರಡುವ ನಾಲ್ಕು ದಿನ ಮುಂಚೆ 2028ರ ಜುಲೈ ಕೊನೆಯವರೆಗೆ ಅಂತ ಪತ್ರ ಬಂತು. ಅದಾದ ಮೇಲೆಯೇ ತುಮಕೂರಿನ ಹಾಸ್ಟೆಲ್ ಮಾತು ನಿಂತದ್ದು.

ಶಾಲೆಗೆ ಸೀಟು ಸಿಗಲು ಐದು ವಾರ ಹಿಡಿಯಿತು. ಕೌನ್ಸಿಲ್ ಅರ್ಜಿಗೆ ಬಾಡಿಗೆ ಕರಾರು ಬೇಕು, ಕರಾರಿಗೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ವಿಳಾಸ ಬೇಕು. ಅಷ್ಟೂ ದಿನ ಅವಳು ಮನೆಯಲ್ಲೇ ಕೂತು ಬೆಂಗಳೂರಿನ ಗೆಳತಿಯರ ನೋಟ್ಸ್ ಕಾಪಿ ಮಾಡುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ಇಯರ್ 9. ಮ್ಯಾಥ್ಸ್‌ನಲ್ಲಿ ಮೊದಲ ಸೆಟ್‌ಗೆ, ಅಂದರೆ ಚೆನ್ನಾಗಿ ಮಾಡುವವರ ಗುಂಪಿಗೆ ಹಾಕಿದ್ದಾರೆ. ಮೇಷ್ಟ್ರೇ, 0.0048 ಲೆಕ್ಕ ಕೊಟ್ಟು ನೋಡಿದೆ, ಕ್ಯಾಲ್ಕುಲೇಟರ್ ಇಲ್ಲದೇ ಮಾಡಿದಳು, ಆದರೆ 0.3 ಬಂತು. ಸೈನ್ಸ್ ‘ಎಲ್ಲ ಗೊತ್ತಿರುವುದೇ’ ಅಂತ ಮೂಗು ಮುರಿಯುತ್ತಾಳೆ. ಶೇಕ್ಸ್‌ಪಿಯರ್ ಇನ್ನೂ ಬಂದಿಲ್ಲ.

ನಮಗೆ ಗೊತ್ತಿಲ್ಲದ್ದು ಒಂದಿತ್ತು. ಜಿಸಿಎಸ್‌ಇಗೆ ಯಾವ ಯಾವ ವಿಷಯ ಅಂತ ಆಯ್ಕೆ ಮಾಡುವುದು ಇಯರ್ 9ರ ಈ ಟರ್ಮ್‌ನಲ್ಲೇ. ಸೇರಿ ಮೂರು ವಾರಕ್ಕೆ ಫಾರಂ ಕೊಟ್ಟರು. ಇಂಗ್ಲಿಷ್ ಎರಡು, ಮ್ಯಾಥ್ಸ್, ಸೈನ್ಸ್ ಕಡ್ಡಾಯ. ಮೂರು ಸೈನ್ಸ್ ಬೇರೆ ಬೇರೆ ಬೇಕಾದರೆ ಒಂದು ಖಾನೆ ಅದಕ್ಕೇ ಹೋಗುತ್ತದೆ. ಈ ಶಾಲೆಯಲ್ಲಿ ಎಕನಾಮಿಕ್ಸ್ ಇಲ್ಲ. ಹಿಂದಿ ಇಲ್ಲ ಅಂತ ನೀವು ಹೇಳಿದ್ದಿರಿ. ಫ್ರೆಂಚ್ ಅಥವಾ ಸ್ಪ್ಯಾನಿಷ್, ಎರಡೂ ಉಳಿದ ಮಕ್ಕಳು ಎರಡೂವರೆ ವರ್ಷದಿಂದ ಕಲಿಯುತ್ತಿದ್ದಾರೆ. ಅದನ್ನು ಬಿಟ್ಟಳು. ಕಂಪ್ಯೂಟರ್ ಸೈನ್ಸ್‌ಗೆ ಟಿಕ್ ಹಾಕಿದ್ದಾಳೆ. ಉಳಿದಿರುವುದು ಹಿಸ್ಟರಿಯೋ ಜಾಗ್ರಫಿಯೋ. ಟೀಚರ್‌ಗಳನ್ನು ಕಂಡು ಮಾತಾಡಿದಳು. ಹಿಸ್ಟರಿ ಟೀಚರ್ ‘ನಿಮ್ಮ ಊರಿನ ಕಡೆಯ ಟಿಪ್ಪು ಬಗ್ಗೆ ನಮಗೆ ಹೇಳುತ್ತೀಯಾ’ ಅಂದರಂತೆ.

ಫಾರಂ ಶುಕ್ರವಾರಕ್ಕೆ ವಾಪಸ್ ಕೊಡಬೇಕು. ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. ಪೆನ್ಸಿಲ್‌ನಲ್ಲಿ ಹಾಕಿದ ಟಿಕ್ ಇವತ್ತು ಬೆಳಗ್ಗೆ ಜಾಗ್ರಫಿ ಎದುರಿಗಿತ್ತು. ಈಗ ಹಾಲು ತೆಗೆಯಲು ಹೋದಾಗ ನೋಡಿದೆ, ಹಿಸ್ಟರಿ ಎದುರಿಗಿದೆ.

ಲೆಸ್ಟರ್ ಅಮ್ಮ – ಮಾರ್ಚ್ 3, ರಾತ್ರಿ 10:15

ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಎರಡೂ ಕಡೆ.